ದಿಢೀರ್ ಹೊರಟವರಿಗೆ ದಡದಲ್ಲೊಂದು ಜಾಗ

ಬೇಸಿಗೆಯ ಶನಿವಾರ ಸಂಜೆ ಹುಣಸೂರು, ಕೆ.ಆರ್. ನಗರ, ಭೇರ್ಯ, ಪಿರಿಯಾಪಟ್ಟಣದ ಕಡೆಯಿಂದ ಎಚ್.ಡಿ. ಕೋಟೆಯತ್ತ ಹೊರಡುವ ಹುಡುಗರ ಗುಂಪುಗಳು ಹೊಸದೇನಲ್ಲ. ಮಧ್ಯಾಹ್ನ ಒಬ್ಬ ‘ನಡೀರ್‍ರೋ, ಹಿನ್ನೀರಿಗೆ ಹೋಗಿ ರಾತ್ರಿ ಇದ್ದು ಬರೋಣ’ ಅಂದರೆ ಸಾಕು, ಕತ್ತಲಾಗುವ ಹೊತ್ತಿಗೆ ಮೂರ್ನಾಲ್ಕು ಬೈಕು, ಎಲ್ಲಿಂದಲೋ ತಂದ ಒಂದು ಟೆಂಟು, ಒಂದು ಪಾತ್ರೆ, ಒಂದಿಷ್ಟು ಕೋಳಿ ಸಿದ್ಧ. ಅವರಿಗೆ ಬೇಕಾಗಿರುವುದು ದೊಡ್ಡದೇನೂ ಅಲ್ಲ: ಎದುರಿಗೆ ನೀರು, ಆಚೆ ಬೆಟ್ಟದ ಸಾಲು, ತಲೆಯ ಮೇಲೆ ಆಕಾಶ, ಸೆಖೆ ಇಲ್ಲದ ಒಂದು ರಾತ್ರಿ. ಆದರೆ ಅಂಥ ರಾತ್ರಿಗೆಂದು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸರ್ಕಾರವಾಗಲಿ ಪಂಚಾಯಿತಿಯಾಗಲಿ ಎಲ್ಲರಿಗೂ ತೆರೆದಿಟ್ಟ ಜಾಗ ಕಾಣುವುದಿಲ್ಲ. ಕಾಣುವುದು ‘ಪ್ರವೇಶ ನಿಷೇಧಿಸಿದೆ’ ಎಂಬ ಫಲಕ ಮತ್ತು ರೆಸಾರ್ಟಿನ ಗೇಟು. ಎರಡೂ ಬೇಡವೆಂದವರು ಇವೆರಡರ ನಡುವಿನ ಕತ್ತಲೆಗೆ ಇಳಿಯುತ್ತಾರೆ. ಯಾರಾದರೂ ಮುಳುಗಿ ಸತ್ತಾಗ ಪತ್ರಿಕೆಗಳಲ್ಲಿ ಯುವಕರ ‘ಹುಚ್ಚಾಟ’ದ ಮಾತು ಬರುತ್ತದೆ, ಇನ್ನೊಂದು ಫಲಕ ಏಳುತ್ತದೆ, ಮುಂದಿನ ಬೇಸಿಗೆಗೆ ಮತ್ತದೇ ನಡೆಯುತ್ತದೆ. ಹೊರಡುವವರ ದಿಢೀರ್ ಮನಸ್ಸಿನಲ್ಲಿ ತಪ್ಪಿಲ್ಲ ಎಂಬುದು ನನ್ನ ವಾದ. ಅವರು ಯೋಚಿಸದೆ ಹೊರಟರೂ ನಡೆದೀತು, ಆದರೆ ಅವರು ಹೋಗಿ ಇಳಿಯುವ ಜಾಗವನ್ನು ಯಾರಾದರೂ ಮೊದಲೇ ಯೋಚಿಸಿ ಸಿದ್ಧಪಡಿಸಿರಬೇಕು.

‘ಪ್ರವಾಸವೆಂದರೆ ತಿಂಗಳ ಮೊದಲೇ ಯೋಜನೆ ಮಾಡಬೇಕು’ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ತಿಂಗಳ ಮೊದಲೇ ರಜೆಯ ದಿನ ಗೊತ್ತಿರುವುದು ಸಂಬಳದ ನೌಕರರಿಗೆ. ನಮ್ಮ ಸೀಮೆಯಲ್ಲಿ ಬಹುಪಾಲು ದುಡಿಯುವವರ ಬಿಡುವು ಹಾಗಿರುವುದಿಲ್ಲ. ಹೊಗೆಸೊಪ್ಪಿನ ಹರಾಜು ಮುಗಿದು, ಸಸಿಮಡಿ ಎದ್ದು, ನಾಟಿಗೆ ಮಳೆ ಕಾಯುವ ಕೆಲವು ವಾರಗಳೇ ಹುಣಸೂರು, ಪಿರಿಯಾಪಟ್ಟಣದ ರೈತನ ಮಗನಿಗೆ ಸಿಗುವ ಬಿಡುವು. ಅದೂ ಒಂದು ಹದ ಮಳೆ ಬಿದ್ದರೆ ಮಾರನೆಯ ದಿನವೇ ಮುಗಿಯುತ್ತದೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ನಾಲೆಗೆ ನೀರು ನಿಂತ ಮೇಲೆ ಉಸಿರಾಡಲು ಪುರಸೊತ್ತು. ಗ್ಯಾರೇಜಿನ ಹುಡುಗ, ಆಟೊ ಓಡಿಸುವವನು, ಗಾರೆ ಕೆಲಸದವನು, ಬಟ್ಟೆ ಅಂಗಡಿಯಲ್ಲಿ ನಿಲ್ಲುವ ಹುಡುಗಿ, ಇವರಿಗೆ ನಾಳೆ ಕೆಲಸವಿಲ್ಲ ಎಂದು ಗೊತ್ತಾಗುವುದು ಇವತ್ತು ಸಂಜೆ. ಅವರು ದಿಢೀರನೆ ಹೊರಡುವುದು ಬೇಜವಾಬ್ದಾರಿಯಿಂದಲ್ಲ, ಬಿಡುವು ಸಿಗುವುದೇ ಹಾಗೆ. ಎಲ್ಲವನ್ನೂ ಆನ್‌ಲೈನ್ ಮುಂಗಡ ಬುಕಿಂಗಿಗೆ ಕಟ್ಟಿಹಾಕುವ ವ್ಯವಸ್ಥೆ ಇಂಥವರನ್ನು ಮೊದಲ ಮೆಟ್ಟಿಲಲ್ಲೇ ಹೊರಗಿಡುತ್ತದೆ. ಅವರು ಮನೆಯಲ್ಲೇನೂ ಕೂರುವುದಿಲ್ಲ, ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ, ಅಷ್ಟೇ.

ಲೆಕ್ಕಕ್ಕೆ ಸಿಗದೆ ಹೋಗುವ ಜಾಗ ಎಂಥದ್ದೆಂದು ಹತ್ತಿರದಿಂದ ನೋಡಬೇಕು. ಎಚ್.ಡಿ. ಕೋಟೆ ನಾಲ್ಕು ಜಲಾಶಯಗಳ ಸೀಮೆ: ಕಬಿನಿ, ನುಗು, ತಾರಕ, ಹೆಬ್ಬಳ್ಳ. ಇವುಗಳಲ್ಲಿ ದೊಡ್ಡದು ಬೀಚನಹಳ್ಳಿಯ ಬಳಿ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು, 19.52 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಭರ್ತಿಯಾದಾಗ ನೀರಿನ ಮಟ್ಟ 2,284 ಅಡಿ. ಏಪ್ರಿಲ್ ಹೊತ್ತಿಗೆ ನೀರು ದೂರದೂರಕ್ಕೆ ಸರಿದು, ಬಿಟ್ಟುಹೋದ ನೆಲದಲ್ಲಿ ಹಸಿರು ಹುಲ್ಲು ಏಳುತ್ತದೆ. ಟೆಂಟು ಹಾಕಲು ಅದಕ್ಕಿಂತ ಚೆಂದದ ಜಾಗ ಬೇರೆ ಇಲ್ಲವೆಂದು ಅನ್ನಿಸುವುದು ಸಹಜ. ಆದರೆ ಅದು ಮೈದಾನವಲ್ಲ, ಜಲಾಶಯದ ತಳ. ಮೇಲೆ ಒಣಗಿ ಬಿರುಕುಬಿಟ್ಟ ಮಣ್ಣು, ನೀರಿನ ಅಂಚಿಗೆ ಹೋದಂತೆ ಮೊಣಕಾಲು ಹೂಳುವ ಕೆಸರು. ಮುಳುಗಿದ ಕಾಡಿನ ಮರದ ಬೊಡ್ಡೆಗಳು ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ ನಿಂತಿವೆ, ನೀರಿನೊಳಗೆ ಕಾಣದಂತೆಯೂ ನಿಂತಿವೆ. ಹಳೆಯ ಹೊಳೆಯ ಪಾತ್ರ ಎಲ್ಲಿ ಹಾದಿದೆಯೆಂದು ಊರಿನ ಮೀನುಗಾರನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತವನು ಇನ್ನೊಂದು ಹೆಜ್ಜೆ ಮುಂದಿಟ್ಟರೆ ನೆಲವೇ ಸಿಗದಿರಬಹುದು. ಈಜು ಬಂದರೂ ಕೆಸರು ಕಾಲು ಹಿಡಿದರೆ ಏನೂ ಮಾಡಲಾಗದು. ಇದರ ಜೊತೆಗೆ ಭರಣಿ, ಕೃತ್ತಿಕೆ ಮಳೆಗಳ ಕಾಲ. ಮಧ್ಯಾಹ್ನ ಕಾದ ನೆಲ ಸಂಜೆಗೆ ಗುಡುಗು ಸಿಡಿಲು ಕರೆಯುತ್ತದೆ, ಬಿರುಗಾಳಿ ಬಂದರೆ ಬಟಾಬಯಲಿನಲ್ಲಿ ಆಸರೆಗೆ ಒಂದು ಗೋಡೆಯೂ ಇರುವುದಿಲ್ಲ. ಆ ಬಯಲಲ್ಲಿ ಎತ್ತರವಾಗಿ ನಿಂತಿರುವುದು ಒಂಟಿ ಮರ ಮತ್ತು ಟೆಂಟಿನ ಕಂಬ, ಸಿಡಿಲು ಮೊದಲು ಹುಡುಕುವುದು ಅವನ್ನೇ.

ಇನ್ನು ಆ ಹುಲ್ಲು ಮೊಳೆಯುವುದು ನಮಗಾಗಿ ಅಲ್ಲ. ಬೇಸಿಗೆಯಲ್ಲಿ ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳಲ್ಲಿ ನೀರು, ಮೇವು ಬತ್ತಿದಾಗ ಆನೆಗಳು ಮರಿಗಳೊಂದಿಗೆ ಇಳಿದು ಬರುವುದು ಕಬಿನಿಯ ಈ ದಂಡೆಗೆ. ಏಷ್ಯಾದ ಆನೆಗಳು ಇಷ್ಟು ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗ ಜಗತ್ತಿನಲ್ಲೇ ಅಪರೂಪ. ಆನೆ ದಾರಿಯಲ್ಲಿ ರಾತ್ರಿ ಕಳೆಯುವುದರ ಅರ್ಥವೇನೆಂದು 2021ರ ಜನವರಿಯಲ್ಲಿ ಪಕ್ಕದ ವಯನಾಡಿನ ಮೇಪ್ಪಾಡಿಯಲ್ಲಿ ಕಂಡಿದ್ದೇವೆ. ಅಲ್ಲಿ ಖಾಸಗಿ ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಯುವತಿಯೊಬ್ಬರು ಆನೆ ದಾಳಿಗೆ ಬಲಿಯಾದರು, ಜಿಲ್ಲಾಡಳಿತ ಆ ಜಾಗವನ್ನು ಮುಚ್ಚಿಸಿತು. ಹಣ ಕೊಟ್ಟು, ರೆಸಾರ್ಟಿನವರೇ ಹಾಕಿದ ಟೆಂಟಿನಲ್ಲಿದ್ದವರಿಗೇ ಹಾಗಾದರೆ ಕತ್ತಲಲ್ಲಿ ದಾರಿ ತಪ್ಪಿ ದಂಡೆಗಿಳಿದವರ ಗತಿ ಏನು? 2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಪ್ರಾಣ ಕಳೆದುಕೊಂಡಾಗ ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಲು ಆದೇಶಿಸಿದರು. ತಮ್ಮ ಹೊಲದಲ್ಲೇ ದುಡಿಯುತ್ತಿದ್ದವರು ಸತ್ತ ಸೀಮೆ ಅದು. ಹಾಗಾಗಿ ಒಂದು ಮಾತನ್ನು ಖಡಾಖಂಡಿತ ಹೇಳಬೇಕು: ಕಾಡಿನಂಚಿನ ಹಿನ್ನೀರು, ನುಗು ವನ್ಯಜೀವಿಧಾಮದ ದಂಡೆ, ಆನೆ ಇಳಿಯುವ ಯಾವ ಜಾಗವೂ ರಾತ್ರಿ ತಂಗಲು ತೆರೆಯಕೂಡದು. ಇದರಲ್ಲಿ ಬಡವ ಬಲ್ಲಿದ ಎಂಬ ಭೇದವೂ ಇರಕೂಡದು.

ಈ ಕೊನೆಯ ಮಾತು ಸುಮ್ಮನೆ ಬಂದದ್ದಲ್ಲ. ಕಾಕನಕೋಟೆಯ ಕಾಡು, ಮೈಸೂರು ಅರಸರ ಕಾಲದಿಂದ ಖೆಡ್ಡಾ ನಡೆದು 1971ರಲ್ಲಿ ಕೊನೆಯ ಖೆಡ್ಡಾ ಕಂಡ ಜಾಗ, ಕಬಿನಿಯ ನೀರಿನಲ್ಲಿ ಮುಳುಗಿತು. ಊರುಗಳು ಎದ್ದವು. ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಗಳಿಂದ ಹೊರಬಂದರು. ಅದೇ ನಾಗರಹೊಳೆಯೊಳಗಿನ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ತಂಗುದಾಣ ನಡೆಸಲು ಅವಕಾಶ ಕೊಟ್ಟದ್ದೂ, ಆದಿವಾಸಿಗಳು ಬೀದಿಗಿಳಿದು ಹೋರಾಡಿದ್ದೂ, 1997ರಲ್ಲಿ ಹೈಕೋರ್ಟ್ ಅದನ್ನು ತಡೆದದ್ದೂ ನಮ್ಮ ಸೀಮೆಯ ಇತಿಹಾಸ. ಇವತ್ತು ಕಬಿನಿಯ ದಂಡೆಯಲ್ಲಿ ಸೂರ್ಯಾಸ್ತ ನೋಡುತ್ತಾ ಒಂದು ರಾತ್ರಿ ಕಳೆಯಬೇಕಾದರೆ ತಲೆಗೆ ಸಾವಿರಾರು, ಕೆಲವೆಡೆ ಹತ್ತಾರು ಸಾವಿರ ರೂಪಾಯಿ ಬೇಕು. ರೆಸಾರ್ಟುಗಳಿಂದ ಸುತ್ತಲ ಹಳ್ಳಿಗಳ ಯುವಕರಿಗೆ ಕೆಲಸ ಸಿಕ್ಕಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ನೀರಿಗಾಗಿ ನೆಲ ಬಿಟ್ಟ ಸೀಮೆಯ ಮಕ್ಕಳಿಗೆ ಅದರ ದಂಡೆಯಲ್ಲಿ ಕೂರಲು ಒಂದೂ ಜಾಗವಿಲ್ಲ ಎಂದರೆ, ಅವರು ಬೇಲಿ ದಾಟುವುದನ್ನು ಬರೀ ಕಾನೂನಿನ ಪ್ರಶ್ನೆಯಾಗಿ ನೋಡುವುದು ಸಾಲದು.

‘ಹಾಗಾದರೆ ಎಲ್ಲ ಕಡೆಯೂ ನಿಷೇಧಿಸಿಬಿಡಿ’ ಎನ್ನುವುದು ಅಧಿಕಾರಿಗಳಿಗೆ ಸುಲಭದ ದಾರಿ. ನಿಷೇಧದ ಫಲ ಏನೆಂದು ನೋಡಲು ಬೇರೆ ಕಡೆಯ ಅನುಭವವಿದೆ. ಉತ್ತರಾಖಂಡದ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಬುಗ್ಯಾಲ್ ಎಂದು ಕರೆಯುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ರೂಪಕುಂಡ ಸರೋವರಕ್ಕೆ ಹೋಗುವ ಚಾರಣ ಅದರಿಂದ ನಿಂತುಹೋಯಿತು. ಹುಲ್ಲುಗಾವಲು ಹಾಳಾಗುತ್ತಿದ್ದುದು ನಿಜ, ನ್ಯಾಯಾಲಯದ ಕಾಳಜಿಯೂ ನಿಜ. ಆದರೆ ಆ ದಾರಿಯ ಹಳ್ಳಿಗಳಲ್ಲಿ ಹೊರೆ ಹೊರುವವರು, ಹೇಸರಗತ್ತೆ ನಡೆಸುವವರು, ಅಡುಗೆಯವರು ಒಂದೇ ಏಟಿಗೆ ದುಡಿಮೆ ಕಳೆದುಕೊಂಡರು, ಜನಸಂದಣಿ ಬೇರೆ ಬೆಟ್ಟಗಳಿಗೆ ಹರಿಯಿತು. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಅದೇ ವರ್ಷ ಮಾರ್ಚ್ 11ರಂದು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಅವರು ಹೋದದ್ದು ಅರಣ್ಯ ಇಲಾಖೆಯ ಅನುಮತಿ ಇಲ್ಲದ ಹಾದಿಯಲ್ಲಿ. ಅನುಮತಿಯಿಲ್ಲದೆ ಹೋದವರ ಹೆಸರು ಯಾರ ಪುಸ್ತಕದಲ್ಲೂ ಇರುವುದಿಲ್ಲ. ಬೆಂಕಿ ಯಾವ ಕಡೆ ಹತ್ತಿದೆ, ಯಾವ ಕಡೆ ಇಳಿಯಬೇಕು ಎಂದು ಅವರಿಗೆ ಹೇಳುವವರೂ ಇರುವುದಿಲ್ಲ. ಬಾಗಿಲು ಮುಚ್ಚಿದರೆ ಜನ ಬರುವುದು ನಿಲ್ಲುತ್ತದೆ ಎಂದು ನಂಬಿಕೊಂಡ ಆಡಳಿತಕ್ಕೆ ಕುರಂಗಣಿಗಿಂತ ಕಠೋರವಾದ ಪಾಠ ಬೇಕಿಲ್ಲ.

ಇದಕ್ಕೆ ಎದುರಾಗಿ, ಯೋಜನೆ ಮಾಡಿ ಹೋದರೆ ಸಾಕಲ್ಲವೇ ಎಂದು ಕೇಳಬಹುದು. 2024ರ ಜೂನ್ ಮೊದಲ ವಾರದ ಸಹಸ್ರತಾಲ್ ದುರಂತ ನಮ್ಮ ರಾಜ್ಯ ಮರೆಯುವಂಥದ್ದಲ್ಲ. ಉತ್ತರಾಖಂಡದ ಆ ಎತ್ತರದ ಸರೋವರಕ್ಕೆ ಹೋದ 22 ಜನರ ತಂಡದಲ್ಲಿ ಹೆಚ್ಚಿನವರು ಬೆಂಗಳೂರಿನವರು. ಹಠಾತ್ತನೆ ಎದ್ದ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ಉಳಿದವರನ್ನು ಇಳಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಹೋಗಬೇಕಾಯಿತು, ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿನಲ್ಲಿ ಕೂತು ಅದರ ಮೇಲ್ವಿಚಾರಣೆ ನೋಡಿದರು. ಅವರು ದಿಢೀರ್ ಹೊರಟವರಲ್ಲ. ಅನುಭವಿಗಳಿದ್ದರು, ಮಾರ್ಗದರ್ಶಕರಿದ್ದರು, ತಯಾರಿ ಇತ್ತು. ಆದರೆ ಗಾಳಿ ಎದ್ದಾಗ ಓಡಿಹೋಗಿ ಸೇರಿಕೊಳ್ಳಲು ಹತ್ತಿರದಲ್ಲಿ ಒಂದು ಸೂರು ಇರಲಿಲ್ಲ. ಕಬಿನಿ ಹಿಮಾಲಯವಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಹೋಗುವವನ ಯೋಜನೆಗೆ ಒಂದು ಮಿತಿಯಿದೆ, ಆ ಮಿತಿಯಾಚೆ ಜೀವ ಉಳಿಸುವುದು ಜಾಗದ ಸಿದ್ಧತೆ ಎಂಬ ಮಾತು ಎರಡೂ ಕಡೆ ಸಲ್ಲುತ್ತದೆ.

ನಮ್ಮಲ್ಲಿಯೇ ಒಂದು ಅರ್ಧ ಹೆಜ್ಜೆ ಇಟ್ಟಾಗಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾಲುಗಟ್ಟಿ ನಿಂತ ಜನರ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅರಣ್ಯ ಇಲಾಖೆ ಮೊದಲು ಚಾರಣ ನಿಲ್ಲಿಸಿತು, ಆಮೇಲೆ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ತೆರೆದು ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿ ಹಾಕಿತು. ಸಂಖ್ಯೆಗೆ ಮಿತಿ ಹಾಕಿದ್ದು ಸರಿ. ಆದರೆ ಅದು ಹಗಲಿನ ಬೆಟ್ಟದ ಹಾದಿಗೆ, ಮುಂಗಡ ಬುಕಿಂಗ್ ಮಾಡಬಲ್ಲವರಿಗೆ. ನೀರಿನ ದಂಡೆಯ ರಾತ್ರಿಗೆ ಅಂಥದ್ದೂ ಇಲ್ಲ. ಇಲ್ಲಿ ಸ್ಕಾಟ್ಲೆಂಡಿನ ಲಾಕ್ ಲೋಮಂಡ್ ಸರೋವರದ ಉದಾಹರಣೆ ಉಪಯೋಗಕ್ಕೆ ಬರುತ್ತದೆ. 2003ರ ಭೂಸುಧಾರಣಾ ಕಾಯ್ದೆಯಂತೆ ಆ ದೇಶದಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆದರೂ ಬಯಲಿನಲ್ಲಿ ಟೆಂಟು ಹಾಕಬಹುದು. ಆದರೆ ಗ್ಲಾಸ್ಗೋ ನಗರಕ್ಕೆ ಹತ್ತಿರದ ಈ ಬೆಟ್ಟದ ಸರೋವರದ ದಂಡೆಯಲ್ಲಿ ಬೇಸಿಗೆಯ ಗದ್ದಲ, ಕುಡಿತ, ಕಡಿದ ಮರ, ಕಸದ ರಾಶಿ ಊರಿನವರಿಗೆ ಸಹಿಸಲಾರದಷ್ಟಾಯಿತು. 2017ರ ಮಾರ್ಚ್ 1ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನ ಹೊಸ ಉಪನಿಯಮ ತಂದಿತು. ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ, ಜನಜಂಗುಳಿಯ ದಂಡೆಗಳಲ್ಲಿ ಮಾತ್ರ, ಗೊತ್ತುಮಾಡಿದ ಜಾಗದಲ್ಲಿ ಪರವಾನಗಿ ಪಡೆದು ಟೆಂಟು ಹಾಕಬೇಕು. ಶುಲ್ಕ ಕೆಲವೇ ಪೌಂಡ್. ಈ ನಿಯಮ ಇಡೀ ಉದ್ಯಾನದ ಒಂದು ಸಣ್ಣ ಪಾಲಿಗಷ್ಟೇ ಅನ್ವಯ. ಬಯಲಿನಲ್ಲಿ ತಂಗುವ ಹಕ್ಕು ಕಡಿತವಾಯಿತೆಂದು ವಿರೋಧವೂ ಬಂತು, ಈಗಲೂ ಇದೆ. ಆದರೆ ಅವರು ಸಮಸ್ಯೆಯನ್ನು ಕಂಡ ರೀತಿ ಮುಖ್ಯ: ಬರುವ ಜನರನ್ನು ತಡೆಯುವುದಲ್ಲ, ಅವರಿಗೊಂದು ಜಾಗ, ಒಂದು ಲೆಕ್ಕ, ಒಂದು ಕಾವಲು ಕೊಡುವುದು.

ಇದೆಲ್ಲ ಪರದೇಶದ ಮಾತು, ನಮ್ಮ ಹಳ್ಳಿಗಳಲ್ಲಿ ನಡೆಯುವುದೇ ಎಂಬ ಸಂಶಯ ಬೇಡ. ಬಯಲಿನಲ್ಲಿ ಸಾವಿರಾರು ಜನರನ್ನು ರಾತ್ರಿ ತಂಗಿಸುವ ಕಲೆ ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಬರುವ ರೈತ ಹಳ್ಳಿಕಾರ್ ಜೋಡಿಗೆ ಚಪ್ಪರ ಹಾಕಿ, ಪಕ್ಕದಲ್ಲಿ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿ, ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗುತ್ತಾನೆ. ಉತ್ತರ ಕರ್ನಾಟಕದಿಂದ ಎತ್ತು ಕೊಳ್ಳಲು ಬಂದವರೂ ಅಲ್ಲೇ ಉಳಿಯುತ್ತಾರೆ. ಕಾವೇರಿ ದಡದ ಕಪ್ಪಡಿಯಲ್ಲಿ ಶಿವರಾತ್ರಿಯಿಂದ ಯುಗಾದಿಯವರೆಗೆ ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಗೆ ಬರುವ ಮಂಟೇಸ್ವಾಮಿ ಪರಂಪರೆಯ ಒಕ್ಕಲಿನವರು ಕುಟುಂಬ ಸಮೇತ ನೀರಿನ ಅಂಚಿನಲ್ಲಿ ಬಿಡಾರ ಹೂಡುತ್ತಾರೆ. ಅಡುಗೆ ಅಲ್ಲೇ, ಊಟ ಅಲ್ಲೇ, ನಿದ್ದೆ ಅಲ್ಲೇ. ಯಾರೂ ಬುಕಿಂಗ್ ಮಾಡಿ ಬಂದವರಲ್ಲ. ಆದರೆ ಜಾಗ ಗೊತ್ತಿರುತ್ತದೆ. ನೀರಿನ ವ್ಯವಸ್ಥೆ, ದೀಪ, ಪೊಲೀಸರು ಇರುತ್ತಾರೆ. ಹತ್ತಾರು ಕುಟುಂಬಗಳು ಪಕ್ಕಪಕ್ಕದಲ್ಲಿರುವಾಗ ಒಬ್ಬರ ಮೇಲೊಬ್ಬರ ಕಣ್ಣಿರುತ್ತದೆ. ಕೊರತೆಗಳಿಲ್ಲವೆಂದಲ್ಲ. ಶೌಚಾಲಯ ಸಾಲದು, ಕಸ ಉಳಿಯುತ್ತದೆ. ಆದರೂ ಬಂದವರನ್ನೆಲ್ಲ ಓಡಿಸಿಬಿಡಬೇಕೆಂದು ಯಾರೂ ಕೇಳುವುದಿಲ್ಲ, ಶೌಚಾಲಯ ಹೆಚ್ಚಿಸಿ ಎಂದು ಕೇಳುತ್ತಾರೆ. ದೇವರ ಹೆಸರಲ್ಲಿ ಬಂದವರಿಗೆ ಕೊಡುವ ಈ ಸೌಜನ್ಯವನ್ನು ಬರೀ ನೀರು, ಗಾಳಿಗಾಗಿ ಬಂದವರಿಗೂ ಕೊಡಲು ನಮಗೆ ಅಡ್ಡಿಯೇನು?

ಮಾಡಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಆನೆ ದಾರಿಯಿಂದ ದೂರವಿರುವ ಒಂದೆರಡು ನೀರಿನ ದಂಡೆಗಳನ್ನು ಆರಿಸಬೇಕು. ಕೆ.ಆರ್. ನಗರದ ಕಡೆ ಕೆ.ಆರ್.ಎಸ್. ಹಿನ್ನೀರಿನ ಗಟ್ಟಿ ನೆಲದ ದಂಡೆ ಇದೆ, ಹುಣಸೂರು, ಪಿರಿಯಾಪಟ್ಟಣಗಳಲ್ಲಿ ದೊಡ್ಡ ಕೆರೆಗಳಿವೆ, ಬೆಟ್ಟದಪುರದ ಬೆಟ್ಟದ ಬುಡವಿದೆ. ಎಚ್.ಡಿ. ಕೋಟೆಯಲ್ಲಿ ಅರಣ್ಯ ಇಲಾಖೆ ಒಪ್ಪಿದ ಜಾಗ ಮಾತ್ರ, ಒಪ್ಪದಿದ್ದರೆ ಬೇಡ. ಪ್ರವಾಹದ ಮಟ್ಟಕ್ಕಿಂತ ಮೇಲೆ ಸಮತಟ್ಟಾದ ನೆಲ, ಒಂದು ಬೋರ್‌ವೆಲ್ ನಲ್ಲಿ, ಹೆಣ್ಣುಮಕ್ಕಳಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯ, ಸಿಡಿಲು ಮಳೆಗೆ ಓಡಿಹೋಗಿ ನಿಲ್ಲಲು ಮಿಂಚುವಾಹಕ ಹಾಕಿದ ಒಂದು ಗಟ್ಟಿ ಸೂರು, ಒಲೆ ಉರಿಸಲು ಸಿಮೆಂಟಿನ ಕಟ್ಟೆ, ಅದರಾಚೆ ಎಲ್ಲೂ ಬೆಂಕಿ ಹಾಕುವಂತಿಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟದ್ದನ್ನು ಕಂಡ ಸೀಮೆಯಲ್ಲಿ ಈ ವಿಷಯದಲ್ಲಿ ರಿಯಾಯಿತಿ ಸಲ್ಲದು. ನೀರಿಗೆ ಇಳಿಯಬಹುದಾದ ಜಾಗವನ್ನು ಹಗ್ಗ ಕಟ್ಟಿ ಗುರುತಿಸಬೇಕು, ಕತ್ತಲಾದ ಮೇಲೆ ಅದೂ ಬಂದ್. ಪಂಚಾಯಿತಿಯ ಒಂದು ಪುಸ್ತಕ, ಅದರಲ್ಲಿ ಬಂದವರ ಹೆಸರು, ಮನೆಯವರ ಫೋನ್ ನಂಬರು. ಆ ಸಂಜೆಯೇ ಬಂದು ಬರೆಸಿದರೆ ಸಾಕು. ಜಾಗ ತುಂಬಿದ್ದರೆ ಬೇರೆ ಜಾಗ ಎಲ್ಲಿದೆಯೆಂದು ಅಲ್ಲೇ ಹೇಳಬೇಕು.

ಊರಿನವರ ಆಕ್ಷೇಪ ಮುಖ್ಯವಾಗಿ ಬಾಟಲಿಯದ್ದು, ಅದು ನ್ಯಾಯವಾದದ್ದು. ದಂಡೆಯಲ್ಲಿ ಒಡೆದ ಬಿಯರ್ ಬಾಟಲಿ ಜುಲೈನಲ್ಲಿ ನೀರು ಏರಿದಾಗ ಕೆಸರಿನಲ್ಲಿ ಹೂತುಹೋಗುತ್ತದೆ. ಮುಂದಿನ ಬೇಸಿಗೆಗೆ ಅದು ಸಿಗುವುದು ಮೇಯಲು ಬಂದ ಹಸುವಿನ ಗೊರಸಿಗೆ, ಬಲೆ ಎಳೆಯುವವನ ಅಂಗಾಲಿಗೆ. ಬಂದು ಹೋದವನು ಒಂದು ರಾತ್ರಿಯ ಮಾತೆಂದುಕೊಳ್ಳುತ್ತಾನೆ, ಊರಿನವನಿಗೆ ಅದು ವರ್ಷಗಟ್ಟಲೆಯ ಗಾಯ. ನೀಲಗಿರಿ ಜಿಲ್ಲೆಯಲ್ಲಿ ಇದಕ್ಕೊಂದು ಸರಳ ಉಪಾಯ ಮಾಡಿದರು. ಮದ್ರಾಸ್ ಹೈಕೋರ್ಟಿನ ಒತ್ತಾಯದ ಮೇಲೆ 2022ರಿಂದ ಅಲ್ಲಿನ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟರೆ ಅದನ್ನು ಮರಳಿಸತೊಡಗಿದವು. ಬಹುಪಾಲು ಬಾಟಲಿಗಳು ಕಾಡಿಗೆ ಹೋಗದೆ ಅಂಗಡಿಗೆ ಮರಳಿದವು. ನಮ್ಮ ದಂಡೆಗಳಲ್ಲಿ ಗಾಜನ್ನು ಪೂರ್ತಿ ಬೇಡವೆನ್ನಬಹುದು, ಒಂದು ಗುಂಪಿಗೆ ಇಷ್ಟೆಂದು ಠೇವಣಿ ಇಡಿಸಿಕೊಂಡು, ಬೆಳಿಗ್ಗೆ ಜಾಗ ನೋಡಿ ವಾಪಸ್ ಕೊಡಬಹುದು. ಕದ್ದು ಬಂದು ಕತ್ತಲಲ್ಲಿ ಕುಡಿಯುವವನಿಂದ ಠೇವಣಿ ವಸೂಲಿ ಮಾಡಲಾಗದು, ಪುಸ್ತಕದಲ್ಲಿ ಹೆಸರು ಬರೆಸಿದವನಿಂದ ಮಾಡಬಹುದು.

ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ಗಂಭೀರ. 2025ರ ಮಾರ್ಚ್ 6ರ ರಾತ್ರಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಹತ್ತಿರ ನಕ್ಷತ್ರ ನೋಡಲು ಕೂತಿದ್ದ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಜೊತೆಯಲ್ಲಿದ್ದ ಗಂಡಸರನ್ನು ಕಾಲುವೆಗೆ ತಳ್ಳಲಾಯಿತು, ಒಡಿಶಾದ ಯುವಕನೊಬ್ಬ ಜೀವ ಕಳೆದುಕೊಂಡ. ಇದನ್ನು ಮುಂದಿಟ್ಟು ‘ರಾತ್ರಿ ಹೊರಗೆ ಹೋಗಬೇಡಿ’ ಎಂದು ಹೆಣ್ಣುಮಕ್ಕಳಿಗೆ ಹೇಳುವುದು ಅಪರಾಧಿಯ ಕೆಲಸವನ್ನು ಹಗುರ ಮಾಡಿದಂತೆ. ಅಲ್ಲಿ ಇಲ್ಲದಿದ್ದುದು ದೀಪ, ಕಾವಲು, ಸುತ್ತಮುತ್ತ ಜನ. ಒಬ್ಬಂಟಿ ಕತ್ತಲೆಯ ಬದಲು ನಾಲ್ಕಾರು ಕುಟುಂಬಗಳು, ಗುಂಪುಗಳು ಒಂದೆಡೆ ತಂಗುವ, ಸ್ತ್ರೀಶಕ್ತಿ ಸಂಘದ ಹೆಂಗಸರು ಅಡುಗೆ ಮಾಡಿ ಮಾರುವ, ರಾತ್ರಿ ಪೊಲೀಸ್ ಬೀಟ್ ಒಂದು ಸುತ್ತು ಬಂದು ಹೋಗುವ ಜಾಗವಿದ್ದರೆ ಹೆಣ್ಣುಮಕ್ಕಳು ಬರುತ್ತಾರೆ. ಅವರು ಬಂದರೆ ಆ ಜಾಗದ ನಡತೆಯೇ ಬದಲಾಗುತ್ತದೆ. ಈಗ ಹಿನ್ನೀರಿನ ರಾತ್ರಿ ಬರೀ ಗಂಡುಹುಡುಗರ ಪಾಲಾಗಿರುವುದಕ್ಕೆ ಮುಖ್ಯ ಕಾರಣ ಜಾಗವಿಲ್ಲದಿರುವುದೇ.

ಹಣವೆಲ್ಲಿ, ಜನವೆಲ್ಲಿ ಎಂದು ಪಿಡಿಒಗಳು ಕೇಳುತ್ತಾರೆ. ನಿಜವಾದ ತೊಡಕು ಹಣಕ್ಕಿಂತ ಒಡೆತನದ್ದು. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಯ ಕಡೆಗೆ ಬರುತ್ತದೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ, ಜಲಾಶಯದ ನೆಲ ಕಾವೇರಿ ನೀರಾವರಿ ನಿಗಮಕ್ಕೆ, ಮೀನು ಮೀನುಗಾರಿಕೆ ಇಲಾಖೆಗೆ, ಆಚೆ ದಂಡೆ ಅರಣ್ಯಕ್ಕೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ, ಹಾಗಾಗಿ ‘ನಿಷೇಧಿಸಿದೆ’ ಎಂದು ಬರೆಯುವುದೇ ಎಲ್ಲರಿಗೂ ಸುಲಭ. ಈ ಗಂಟನ್ನು ಜಿಲ್ಲಾಧಿಕಾರಿ ಒಂದು ಸಭೆ ಕರೆದು ಬಿಡಿಸಬಹುದು: ದಂಡೆಯ ಗೊತ್ತಾದ ತುಣುಕನ್ನು ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ ಗ್ರಾಮ ಪಂಚಾಯಿತಿಯ ಸುಪರ್ದಿಗೆ ಕೊಡುವುದು. ಟೆಂಟಿಗೆ ನೂರು ರೂಪಾಯಿ ಶುಲ್ಕವಾದರೂ ಅದು ಪಂಚಾಯಿತಿಯ ಖಾತೆಗೆ. ಕಾವಲಿಗೆ ಆ ಊರಿನ ಮೀನುಗಾರರನ್ನೇ, ಹಾಡಿಯ ಯುವಕರನ್ನೇ ತೆಗೆದುಕೊಳ್ಳಬೇಕು. ನೀರಿನ ಆಳ, ಗಾಳಿಯ ದಿಕ್ಕು, ಪ್ರಾಣಿಯ ಹೆಜ್ಜೆ ಗೊತ್ತಿರುವವರು ಅವರು, ಆ ತಿಳಿವಳಿಕೆಗೆ ಸಂಬಳ ಸಿಗುವಂತಾಗಬೇಕು. ರೆಸಾರ್ಟುಗಳಿಗೆ ಇದರಿಂದ ನಷ್ಟವಿಲ್ಲ, ಅಲ್ಲಿಗೆ ಹೋಗುವವರೇ ಬೇರೆ.

ಪ್ರಾರಂಭಕ್ಕೆ ಎಲ್ಲ ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಕಪ್ಪಡಿಯ ಜಾತ್ರೆ ಯುಗಾದಿಗೆ ಮುಗಿಯುತ್ತದೆ, ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದೂ ಅದರ ಬೆನ್ನಿಗೇ. ಜಾತ್ರೆಗೆಂದು ಮಾಡಿದ ನೀರಿನ ವ್ಯವಸ್ಥೆ, ದೀಪದ ಕಂಬ, ತಾತ್ಕಾಲಿಕ ಶೌಚಾಲಯಗಳಲ್ಲಿ ಒಂದು ಪಾಲನ್ನು ಕೀಳಿಸದೆ, ಗದ್ದುಗೆಯಿಂದ ಒಂದಷ್ಟು ದೂರದ ದಂಡೆಯಲ್ಲಿ, ಕ್ಷೇತ್ರದ ಹಿರಿಯರ ಒಪ್ಪಿಗೆ ಪಡೆದು, ರೋಹಿಣಿ ಮಳೆ ಬರುವವರೆಗೆ ಉಳಿಸಿಕೊಂಡರೆ ಮೊದಲ ಪ್ರಯೋಗ ಅಲ್ಲೇ ಆಗುತ್ತದೆ. ಅದಕ್ಕೆ ಜಿಲ್ಲಾ ಪಂಚಾಯಿತಿಯ ಒಂದು ಆದೇಶ, ಇಬ್ಬರು ಕಾವಲುಗಾರರ ಎರಡು ತಿಂಗಳ ಸಂಬಳ, ಹಗ್ಗ, ತೇಲುವ ಟ್ಯೂಬು, ಒಂದು ತೆಪ್ಪ ಮತ್ತು ಪುಸ್ತಕ ಸಾಕು. ಆದೇಶ ಹೊರಡಬೇಕಾದದ್ದು ಶಿವರಾತ್ರಿಗೆ ಮೊದಲು, ಜಾತ್ರೆಯ ಸಿದ್ಧತೆಗೆ ಅಧಿಕಾರಿಗಳು ಹೇಗೂ ಸಭೆ ಸೇರುವಾಗ.